ಕುರುಬನ ಚಿತ್ರ ಹಾಕಿದ ಬೆರಳು

ನಿಮಗೆ ಹೀಗೆ ಆಗಿದೆಯಾ? ಎದುರಿಗೆ ಒಬ್ಬರು ನಿಂತು, ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಕೊನೆಗೂ ಹೊರಗೆ ಹಾಕುತ್ತಿದ್ದಾರೆ. ಅದು ಸರಿಯೋ ತಪ್ಪೋ ಎಂದು ನೀವಿನ್ನೂ ಯೋಚಿಸಿಯೇ ಇಲ್ಲ. ಅಷ್ಟರಲ್ಲಿ ನಿಮ್ಮ ಕೈ ತಾನಾಗಿಯೇ ಮುಂದೆ ಹೋಗಿ ಬಾಗಿಲು ಹಾಕಿದೆ, ಇಲ್ಲವೆ ಟಿವಿ ಸದ್ದು ಜಾಸ್ತಿ ಮಾಡಿದೆ. ಆಗಿದೆಯಾ? ಆಗಿಲ್ಲ ಅನ್ನುವವರು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ನಾನೂ ಅಂಥವನಲ್ಲ ಅಂತಲೇ ಅಂದುಕೊಂಡಿದ್ದೆ.

ನನ್ನ ಪುಟ ನೋಡುವವರಿಗೆ ನಾನು ಸೀರೆ ವಿಡಿಯೋದವನು. ಮಕ್ತಲ್‌ನಲ್ಲಿ ನನ್ನ ಸ್ಟುಡಿಯೋ ಇದೆ. ಮದುವೆ ವಿಡಿಯೋ ತೆಗೆಯುತ್ತೇನೆ, ನಾರಾಯಣಪೇಟೆಯ ಅಂಗಡಿಗಳಿಗೆ ಸೀರೆಯ ಸೆರಗು ಬಿಚ್ಚಿ ಅಂಚು ತೋರಿಸುವ ಸಣ್ಣ ಸಣ್ಣ ವಿಡಿಯೋ ಮಾಡಿಕೊಡುತ್ತೇನೆ, ನಡುನಡುವೆ ನಿಮ್ಮ ಜೊತೆ ಹರಟೆ ಹೊಡೆಯುತ್ತೇನೆ. ಇದರ ಜೊತೆಗೆ ಭಾನುವಾರ ಬೆಳಿಗ್ಗೆ ಇನ್ನೊಂದು ಕೆಲಸ ಇತ್ತು. ನಮ್ಮ ಚರ್ಚಿನ ಆರಾಧನೆಯನ್ನು ಮೊಬೈಲಿನಲ್ಲಿ ನೇರವಾಗಿ ಬಿಡುವ ಕೆಲಸ. ಅದು ಯಾವ ಊರಿನ ಚರ್ಚು ಎಂದು ಬರೆಯುವುದಿಲ್ಲ. ಗೊತ್ತಿದ್ದವರೂ ಬರೆಯಬೇಡಿ. ಕಾರಣ ಮುಂದೆ ತಿಳಿಯುತ್ತದೆ.

ಚರ್ಚಿಗೆ ಸೇರಿದವರನ್ನು ನಾವು ಸಭೆ ಅನ್ನುತ್ತೇವೆ. ನಮ್ಮ ಸಭೆಯ ಅರ್ಧ ಜನ ಊರಲ್ಲಿಲ್ಲ. ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು. ಭಾನುವಾರ ಬಂತೆಂದರೆ ಶೆಡ್ಡಿನ ಮುಂದೆ ಮೊಬೈಲು ಒರಗಿಸಿಟ್ಟು, ಸುತ್ತ ಕೂತು, ಊರಿನ ಹಾಡಿಗೆ ಚಪ್ಪಾಳೆ ತಟ್ಟುತ್ತಾರೆ. ಅವರಿಗಾಗಿಯೇ ಈ ವ್ಯವಸ್ಥೆ. ಮುಂದಿನ ಕಂಬದ ಹತ್ತಿರ ಒಂದು ಕ್ಯಾಮೆರಾ, ಹಿಂದಿನ ಗೋಡೆಗೆ ಒಂದು ಕ್ಯಾಮೆರಾ, ಬಾಗಿಲ ಪಕ್ಕ ನನ್ನ ಮೇಜು, ಮೇಜಿನ ಮೇಲೆ ಗುಂಡಿಗಳಿರುವ ಒಂದು ಸಣ್ಣ ಪೆಟ್ಟಿಗೆ. ಚರ್ಚಿನ ಮೈಕುಗಳೆಲ್ಲ ಸೇರುವ ಮಿಕ್ಸರಿನಿಂದ ಒಂದು ವೈರು ನನ್ನ ಪೆಟ್ಟಿಗೆಗೆ. ಮೊದಲನೇ ಗುಂಡಿ ಒತ್ತಿದರೆ ಮುಂದಿನ ಕ್ಯಾಮೆರಾ, ಎರಡನೇದು ಹಿಂದಿನ ಕ್ಯಾಮೆರಾ. ಮೂರನೇದು ಚಿತ್ರ.

ಆ ಚಿತ್ರದ ಬಗ್ಗೆ ಹೇಳಬೇಕು. ಹಸಿರು ಗುಡ್ಡ, ಹೆಗಲ ಮೇಲೆ ಕುರಿಮರಿ ಹೊತ್ತ ಒಳ್ಳೆಯ ಕುರುಬ, ಅಂದರೆ ಯೇಸು. ಹಿಂದೊಮ್ಮೆ ಆರಾಧನೆಯ ನಡುವೆ ಒಬ್ಬ ಹೆಂಗಸಿಗೆ ಮೂರ್ಛೆ ಬಂದು ಬಿದ್ದಿದ್ದನ್ನು ಪುಣೆಯಲ್ಲಿದ್ದ ಅವಳ ಗಂಡ ನೋಡಿ ಗಾಬರಿಯಾಗಿ ಬಸ್ಸು ಹತ್ತಿಬಿಟ್ಟಿದ್ದ. ಆಮೇಲೆ ಕಮಿಟಿಯವರು ಒಂದು ಠರಾವು ಮಾಡಿದರು: ಏನಾದರೂ ಹೆಚ್ಚುಕಡಿಮೆ ಆದರೆ ಹೊರಗೆ ಕಾಣಬಾರದು. ಅದಕ್ಕೆ ಮೂರನೇ ಗುಂಡಿ. ಒತ್ತಿದ ಕೂಡಲೆ ಕುರುಬ ಬರುತ್ತಾನೆ, ಒಳಗಿನ ಸದ್ದು ತಾನಾಗಿ ಬಂದ್ ಆಗುತ್ತದೆ, ಕೊಳಲಿನ ಸಂಗೀತ ಶುರುವಾಗುತ್ತದೆ. ಹಾಗೆ ಜೋಡಿಸಿದವನು ನಾನೇ. ಜಾಣ ಕೆಲಸ ಅಂತ ನನಗೆ ಹೆಮ್ಮೆ ಇತ್ತು.

ಯಾವುದೋ ಕೂಸು ಬಲಿಪೀಠ ಹತ್ತಿ ಮೇಣದಬತ್ತಿ ಹಿಡಿದರೆ ಕುರುಬ. ಸುಗ್ಗಿ ಹಬ್ಬದಲ್ಲಿ ಚರ್ಚಿಗೆ ಬಂದ ಕಾಣಿಕೆಗಳ ಹರಾಜಿನಲ್ಲಿ ಒಂದು ಕುಂಬಳಕಾಯಿಗಾಗಿ ಇಬ್ಬರು ಹಿರಿಯರು ಕೊರಳಪಟ್ಟಿ ಹಿಡಿದುಕೊಂಡಾಗಲೂ ಕುರುಬ. ಪುಣೆಯವರು ಇದನ್ನು ಬೇಗ ಕಂಡುಹಿಡಿದುಬಿಟ್ಟರು. ಚಿತ್ರ ಬಂದ ಕೂಡಲೆ ಫೋನು.

"ಅಣ್ಣಾ, ಕುರುಬ ಬಂದಾನ. ಯಾರು ಬಡಿದಾಡಾಕತ್ತ್ಯಾರ, ಜಲ್ದಿ ಹೇಳು."

ಎಲ್ಲರೂ ನಗುತ್ತಿದ್ದೆವು. ಬೆರಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಗದ್ದಲ ಶುರುವಾಗುವ ಮೊದಲೇ ಅದಕ್ಕೆ ವಾಸನೆ ಹತ್ತುತ್ತಿತ್ತು.

ಆ ಭಾನುವಾರ ಸಾಕ್ಷಿ ಹೇಳುವ ಹೊತ್ತು. ಚರ್ಚಿಗೆ ಹೋಗದವರಿಗೆ ಹೇಳುತ್ತೇನೆ: ಹಾಡು ಮುಗಿದ ಮೇಲೆ, ಪ್ರಸಂಗಕ್ಕೆ ಅಂದರೆ ಉಪದೇಶಕ್ಕೆ ಮೊದಲು, ಯಾರಿಗೆ ಬೇಕೋ ಅವರು ಮೈಕಿನ ಮುಂದೆ ಬಂದು ದೇವರು ತಮಗೆ ಮಾಡಿದ ಉಪಕಾರ ಹೇಳಿಕೊಳ್ಳಬಹುದು. ಎಮ್ಮೆ ಉಳಿಯಿತು, ಮೊಮ್ಮಗನಿಗೆ ಕೆಲಸ ಸಿಕ್ಕಿತು, ಮೊಣಕಾಲು ನೋವು ಹೋಯಿತು. ಇಂಥವೇ. ಆವತ್ತು ಎದ್ದು ಬಂದವಳು ನಮ್ಮ ಹಾಡಿನ ತಂಡದಲ್ಲಿ ಕೀಬೋರ್ಡ್ ನುಡಿಸುವ ಹುಡುಗಿ. ಹುಡುಗಿ ಅಂದರೆ ಕೂಸಲ್ಲ, ಓದು ಮುಗಿಸಿದವಳು. ನಾರಾಯಣಪೇಟೆಯ ಅಂಗಡಿಗಳಿಂದ ಸೀರೆ ತಂದು, ಮನೆಯಲ್ಲಿ ಕೂತು ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಅಪ್ಪ ಇಲ್ಲ, ತಾಯಿ ಇದ್ದಾಳೆ. ಎಂದೂ ಸಾಕ್ಷಿ ಹೇಳಿದವಳಲ್ಲ. ನಾನು ಖುಷಿಯಿಂದ ಮೇಜಿನಿಂದಲೇ ಮುಂದಿನ ಕ್ಯಾಮೆರಾ ಜೂಮ್ ಮಾಡಿ ಅವಳ ಮುಖ ಹತ್ತಿರ ತಂದೆ.

"ದೇವರಿಗೆ ಸ್ತೋತ್ರ. ಎಲ್ಲಾರಿಗೂ ವಂದನಾ. ನಾ ಇವತ್ತು ಹೇಳೋದು ಬ್ಯಾರೆ ಐತಿ. ನಮ್ಮ ಅಯ್ಯನೋರು ನನ್ನ..."

ಅಯ್ಯನವರು ಅಂದರೆ ನಮ್ಮ ಪಾಸ್ಟರು. ನನ್ನ ಬೆರಳು ಮೂರನೇ ಗುಂಡಿಯ ಮೇಲಿತ್ತು.

ನಾನು ಅದನ್ನು ಒತ್ತಲು ನಿರ್ಧರಿಸಲಿಲ್ಲ. ಇದನ್ನು ತಪ್ಪಿಸಿಕೊಳ್ಳಲು ಹೇಳುತ್ತಿಲ್ಲ. ನಿರ್ಧಾರ ಮಾಡಿ ಒತ್ತಿದ್ದರೆ ಕಡೇಪಕ್ಷ ಒಂದು ಕಾರಣವಾದರೂ ಇರುತ್ತಿತ್ತು. ಪುಣೆಯ ಶೆಡ್ಡಿನಲ್ಲಿ ಕೊಳಲು ಕೇಳಿಸುತ್ತಿದ್ದಾಗ, ಇಲ್ಲಿ ಚರ್ಚಿನೊಳಗೆ ಅವಳು ಮಾತು ಮುಂದುವರಿಸಿದ್ದಳು.

"ಪ್ರಾರ್ಥನಾ ಮಾಡ್ತೀನಂತ ಒಳಗಿನ ಕೋಣಿಗಿ ಕರೀತಿದ್ರು. ಬಾಗಿಲು ಹಾಕ್ತಿದ್ರು. ತಲಿ ಮ್ಯಾಲೆ ಇಟ್ಟ ಕೈ ತಲಿ ಮ್ಯಾಲೆ ಉಳೀಲಿಲ್ಲ. ಬ್ಯಾಡ್ರಿ ಅಂದೆ. ಅಂದ ಮ್ಯಾಲೂ ಬಿಡಲಿಲ್ಲ. ಒಮ್ಮೆ ಅಲ್ಲ."

ಕಮಿಟಿಯ ಕಾರ್ಯದರ್ಶಿ ಎದ್ದು ನಿಂತರು. ನಿವೃತ್ತ ಹೆಡ್ಮಾಸ್ತರು, ನಾನೂ ಅವರ ಕೈಕೆಳಗೆ ಓದಿದವನು. "ಹಾಡು ತಗೋರಿ, ಹಾಡು" ಅಂದರು. ಹಾಡಿಗೆ ಕೀಬೋರ್ಡ್ ನುಡಿಸಬೇಕಾದವಳು ಮೈಕಿನ ಮುಂದೆ ನಿಂತಿದ್ದಳು. ಬರೀ ಚಪ್ಪಾಳೆಯಲ್ಲಿ, ಶ್ರುತಿಯಿಲ್ಲದೆ, ಎಲ್ಲರೂ ಜೋರಾಗಿ ಹಾಡಿದರು. ನಾನೂ ಹಾಡಿದೆ. ಅಯ್ಯನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಪ್ರಾರ್ಥನೆ ಮಾಡುವವರ ಹಾಗೆ. ಆಕೆ ತಾಯಿಯ ಕೈ ಹಿಡಿದುಕೊಂಡು ನನ್ನ ಮೇಜಿನ ಪಕ್ಕದಿಂದಲೇ ಹೊರಗೆ ಹೋದಳು. ನಾನು ವೈರು ಸರಿಮಾಡುವವನ ಹಾಗೆ ಬಗ್ಗಿಕೊಂಡೆ.

ಆರಾಧನೆ ಮುಗಿದ ಮೇಲೆ ಕಾರ್ಯದರ್ಶಿಗಳು ಬಂದು ನನ್ನ ಬೆನ್ನು ತಟ್ಟಿದರು.

"ತಮ್ಮಾ, ಬಾಳ ಚೊಲೋ ಮಾಡಿದಿ. ಹೊರಗ ಹೋಗಿದ್ರ ಸಭಾದ ಇಜ್ಜತ್ ಉಳೀತಿದ್ದಿಲ್ಲ."

"ಆಯ್ತು ಸಾರ್" ಅಂದೆ. ಶಾಲೆಯಲ್ಲಿ ಅವರು ಒಮ್ಮೆಯೂ ನನ್ನ ಬೆನ್ನು ತಟ್ಟಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಸಂತೋಷವಾಯಿತು.

ಅಷ್ಟರಲ್ಲಿ ಪುಣೆಯಲ್ಲಿ ಮೇಸ್ತ್ರಿಯಾಗಿರುವ ನಮ್ಮ ಸಭೆಯವನೊಬ್ಬನ ಫೋನು.

"ಏನಾತಣ್ಣಾ? ಆ ಹುಡುಗಿ ಏನೋ ಬ್ಯಾರೆ ಹೇಳ್ತೀನಂದಾಕಿ, ಕುರುಬ ಬಂದುಬಿಟ್ಟ."

"ಕರೆಂಟ್ ಹೋಗಿತ್ತಪಾ."

"ಕರೆಂಟ್ ಹೋದ್ರ ಕುರುಬನೂ ಹೋಗಬೇಕಲ್ಲ. ಅವನ್ಯಾಂಗ ಉಳಿದ?"

ಅವನು ತಮಾಷೆಗೆ ಅಂದ. ನಾನು ಫೋನಿಟ್ಟೆ. ಆಮೇಲೆ ಬಂದ ಫೋನುಗಳಿಗೆ ನೆಟ್‌ವರ್ಕ್ ಇರಲಿಲ್ಲ ಅಂತ ಹೇಳಿದೆ, ಆ ಸುಳ್ಳು ಹೆಚ್ಚು ಸರಿಹೊಂದುತ್ತಿತ್ತು.

ನನ್ನ ಹೆಂಡತಿಯೂ ಹಾಡಿನ ತಂಡದವಳು, ಆ ಹುಡುಗಿಯ ಹಿಂದೆಯೇ ನಿಲ್ಲುವವಳು. ಮನೆಗೆ ಬಂದು ಊಟಕ್ಕೆ ಬಡಿಸಿದಳು. ನಾನು ರೊಟ್ಟಿ ಮುರಿಯುವಾಗ ನನ್ನ ಕೈಯನ್ನೇ ನೋಡುತ್ತಿದ್ದಳು.

"ನಿಮ್ಮ ಬಟ್ಟು ಬಾಳ ಚುರುಕು ಅದಾವ ಬಿಡ್ರಿ."

ಬಟ್ಟು ಅಂದರೆ ನಮ್ಮ ಕಡೆ ಬೆರಳು. ನನಗೆ ಸಿಟ್ಟು ಬಂತು. "ನೀ ಏನ ಮಾಡಿದಿ? ನೀನೂ ಚಪ್ಪಾಳಿ ಬಡದು ಹಾಡಿದಿ."

ಅವಳು ಅದಕ್ಕೆ ಜಗಳ ಮಾಡಲಿಲ್ಲ. ನೀರಿನ ಚೆಂಬು ನನ್ನ ಮುಂದಿಟ್ಟು ಕೂತಳು. "ಹಾಡಿದೆ. ಅದಕ್ಕೂ ಮೊದಲಽ ಗೊತ್ತಿತ್ತು ನನಗ. ಆಕಿ ಮಾರಿ ನೋಡಿ ಗೊತ್ತಾಗಿತ್ತು. ಒಬ್ಬಾಕಿ ಒಳಗ ಹೋಗಬ್ಯಾಡವ್ವ ಅಂತ ಅಂದಿದ್ದೆ. ಅಂದು ಸುಮ್ಮಕಾದೆ. ಒಳಗ ಕರಿಯೋ ಅಯ್ಯನೋರಿಗಿ ಹೇಳಬೇಕಾದ್ದು ಬಿಟ್ಟು ಆಕಿಗೇ ಹೇಳಿದೆ."



ವಾರದ ನಡುವೆ ಕಮಿಟಿ ಕರೆದರು. ಗದ್ವಾಲ್‌ನಿಂದ ಮೇಲಿನ ಹಿರಿಯ ಅಯ್ಯನವರು ಬಂದಿದ್ದರು. ಸುತ್ತಿನ ಚರ್ಚುಗಳಿಗೆಲ್ಲ ಅವರೇ ದೊಡ್ಡವರು, ನಾವು ದೊಡ್ಡಯ್ಯನವರು ಅನ್ನುತ್ತೇವೆ. ಆ ಭಾನುವಾರದ ರೆಕಾರ್ಡಿಂಗ್ ತೆಗೆದುಕೊಂಡು ಬಾ ಎಂದು ನನಗೂ ಹೇಳಿಕಳಿಸಿದರು. ನನ್ನ ಪೆಟ್ಟಿಗೆಯಲ್ಲಿ ಉಳಿದದ್ದು ಕುರುಬ ಮತ್ತು ಕೊಳಲು ಮಾತ್ರ. ಪೂರ್ತಿ ಮಾತು ಇದ್ದದ್ದು ಮುಂದಿನ ಕ್ಯಾಮೆರಾದ ಕಾರ್ಡಿನಲ್ಲಿ. ಅದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೋದೆ.

ಕಮಿಟಿ ಕೂಡಿದ್ದು ಚರ್ಚಿನ ಒಳಗಿನ ಕೋಣೆಯಲ್ಲಿ. ಹೌದು, ಅದೇ ಕೋಣೆ. ಬೇರೆ ಕೋಣೆ ನಮ್ಮಲ್ಲಿಲ್ಲ, ಕಮಿಟಿ ಯಾವಾಗಲೂ ಅಲ್ಲೇ ಕೂಡುವುದು. ಅಲ್ಲಿ ಕೂತ ಒಬ್ಬರಿಗೂ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಕೆ ಬಂದು ಹೊಸ್ತಿಲ ಹೊರಗೆ ನಿಂತಾಗ ಗೊತ್ತಾಯಿತು.

"ಒಳಗ ಬಾರವ್ವ" ಅಂದರು ಕಾರ್ಯದರ್ಶಿ.

"ನಾ ಇಲ್ಲೇ ನಿಂದರ್ತೀನ್ರಿ."

ದೊಡ್ಡಯ್ಯನವರು ತೆಲುಗಿನ ಕಡೆಯವರು, ಕನ್ನಡ ಬರುತ್ತದೆ, ನಡುನಡುವೆ ತೆಲುಗು ಬೆರೆಯುತ್ತದೆ. ದನಿ ಮೆತ್ತಗೆ. "ಅಮ್ಮಾ, ಕ್ಷಮಿಸೋದು ನಮ್ಮ ಧರ್ಮ ಕದಾ. ಅವರನ್ನ ಇಲ್ಲಿಂದ ಕಳಿಸ್ತೀವಿ. ನೀನು ಒಂದಽ ಮಾತು, ಕ್ಷಮಿಸೀನಿ ಅನ್ನು. ಪ್ರಾರ್ಥನಾ ಮಾಡಿ ಇಲ್ಲಿಗೇ ಮುಗಿಸೋಣ."

"ಎಲ್ಲಿಗಿ ಕಳಿಸ್ತೀರಿ?"

"ಅದ್ಯಾಕವ್ವ ನಿನಗ?" ಅಂದರು ಕಾರ್ಯದರ್ಶಿ.

"ಹೊಳಿ ದಂಡಿ ಸಭಾಕ್ಕ ಅಂತ ಕೇಳೀನಿ. ಅಲ್ಲಿ ಹೆಣ್ಣುಹುಡುಗ್ಯಾರ ಹಾಸ್ಟೆಲ್ ಐತಿ. ಅಲ್ಲಿನೋರಿಗಿ ಹೇಳ್ತೀರೇನು, ಯಾಕ ಕಳಿಸಾಕತ್ತೀವಿ ಅಂತ?"

ದೊಡ್ಡಯ್ಯನವರು ಬೇಸರದಿಂದ ನಕ್ಕರು. "ಹೇಳಿದ್ರ ಯಾರು ಸೇರಿಸ್ಕೋತಾರ, ಚೆಪ್ಪಮ್ಮಾ, ನೀನೇ ಹೇಳು?"

ಅಂದದ್ದು ಅವರೇ. ಆದರೆ ತಾವು ಏನು ಅಂದೆವು ಎಂದು ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಆಕೆಗೆ ಕೇಳಿಸಿತು.

"ನನಗ ಮತ್ತೇನೂ ಬ್ಯಾಡ್ರಿ. ಅಯ್ಯನೋರು ಯಾಕ ಹೋಗಾಕತ್ತ್ಯಾರ ಅನ್ನೋದು ಅದಽ ಮೈಕಿನ್ಯಾಗ ಎಲ್ಲಾರ ಮುಂದ ಹೇಳ್ರಿ. ಹೊಳಿ ದಂಡಿಯೋರಿಗೂ ಹೇಳ್ರಿ. ಕ್ಷಮಾದ ಮಾತು ಆಮ್ಯಾಲ."

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. "ತಮ್ಮಾ, ಆ ದಿನದ್ದು?"

ಆಕೆ ಹೊಸ್ತಿಲಲ್ಲಿ ನಿಂತಿರುವಾಗಲೇ ನಾನು ಜೇಬಿನಿಂದ ಕಾರ್ಡು ತೆಗೆದು ಅವರ ಅಂಗೈಯಲ್ಲಿಟ್ಟೆ. ಮತ್ತೊಂದು ಕಾಪಿ ಐತೇನು ಅಂದರು. ಇಲ್ರಿ ಸಾರ್ ಅಂದೆ. ಅದು ನಿಜ. ಅವರು ಅದನ್ನು ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡರು. ಮತ್ತೆ ನಾನು ಅದನ್ನು ನೋಡಿಲ್ಲ.

ಅಯ್ಯನವರ ವರ್ಗಾವಣೆ ಠರಾವಾಯಿತು. ಕಾರಣ ಬರೆಯಲಿಲ್ಲ. ನಮ್ಮಲ್ಲಿ ಯಾವ ಪಾಸ್ಟರು ಹೋದರೂ ಬೀಳ್ಕೊಡುಗೆ ಮಾಡುತ್ತೇವೆ: ಅಯ್ಯನವರಿಗೆ ಶಾಲು, ಅವರ ಹೆಂಡತಿ ಅಮ್ಮನವರಿಗೆ ಗದ್ವಾಲ್ ಸೀರೆ, ಸಭೆಯವರು ಯಾರು ಬೇಕಾದರೂ ಎದ್ದು ನಾಲ್ಕು ಮಾತು ಹೇಳಬಹುದು. ಈ ಸಲ ಮಾಡದಿದ್ದರೆ ಜನ ಯಾಕೆ ಅಂತ ಕೇಳುತ್ತಾರೆ, ಆದ್ದರಿಂದ ಇನ್ನಷ್ಟು ಜೋರಾಗಿ ಮಾಡಬೇಕು ಎಂದು ತೀರ್ಮಾನವಾಯಿತು. ಹೊಳೆ ದಂಡೆಯ ಸಭೆಯವರೂ ತಮ್ಮ ಹೊಸ ಅಯ್ಯನವರನ್ನು ಮೊಬೈಲಿನಲ್ಲಿ ನೋಡಲಿ ಎಂದು ಅವರಿಗೂ ಲಿಂಕ್ ಕಳಿಸಲು ನನಗೆ ಹೇಳಿದರು.

ಈಗ ನನ್ನ ಇನ್ನೊಂದು ಪೆದ್ದುತನ ಕೇಳಿ. ಅವಮಾನ ತಡೆಯಲಾಗದೆ ನಾನು ಶೂರನಾಗಲು ಹೊರಟೆ. ಸ್ಟುಡಿಯೋದಲ್ಲಿ ದೀಪ ಹಾಕಿಕೊಂಡು ಈ ಪುಟಕ್ಕಾಗಿ ಒಂದು ವಿಡಿಯೋ ಮಾಡಿದೆ. ಯಾವ ಚರ್ಚು, ಯಾವ ಪಾಸ್ಟರು, ಕೀಬೋರ್ಡ್ ನುಡಿಸುವ ಹುಡುಗಿಗೆ ಏನಾಯಿತು, ಎಲ್ಲ ಹೇಳಿಬಿಟ್ಟೆ. ಕೊನೆಗೆ ನನ್ನ ಕಣ್ಣಲ್ಲಿ ನೀರೂ ಬಂತು. ಹಾಕುವ ಮುಂಚೆ ತೋರಿಸೋಣ ಅಂತ ಅವಳ ಮನೆಗೆ ಹೋದೆ. ಒಪ್ಪಿಗೆ ಕೇಳುವುದಕ್ಕಿಂತ, ನಿಜ ಹೇಳಬೇಕೆಂದರೆ, ಒಂದು ಥ್ಯಾಂಕ್ಸ್ ಕೇಳಲು ಹೋಗಿದ್ದೆ.

ಬಾಗಿಲಲ್ಲಿ ತಾಯಿ ಜೋಳ ಹಸನು ಮಾಡುತ್ತಿದ್ದಳು. ತಲೆಯೆತ್ತಿ ನೋಡಿ ಒಳಗೆ ಕೂಗಿದಳು. "ಯವ್ವಾ, ಕುರುಬನ ಫೋಟೋದವರು ಬಂದಾರ ನೋಡು."

ಆಕೆ ಕಿಟಕಿಯ ಬೆಳಕಿಗೆ ಸೀರೆಯ ಸೆರಗು ಹರವಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಕೂಡ್ರಿ ಅಂದಳು. ಮೊಬೈಲು ಕೊಟ್ಟೆ. ದಾರ ಬೆರಳಲ್ಲೇ ಹಿಡಿದುಕೊಂಡು ಪೂರ್ತಿ ನೋಡಿದಳು. ನೋಡಿ ಮೊಬೈಲು ಕೆಳಗಿಟ್ಟು ಮತ್ತೆ ಗಂಟು ಹಾಕತೊಡಗಿದಳು.

"ಅಣ್ಣಾರ, ಆ ದಿನ ನನ್ನ ಕೇಳದಽ ಬಂದ್ ಮಾಡಿದ್ರಿ. ಇವತ್ತು ನನ್ನ ಕೇಳದಽ ಚಾಲೂ ಮಾಡೀರಿ."

"ಇನ್ನೂ ಹಾಕಿಲ್ಲ ತಂಗಿ. ನಿನ್ನ ಸಲುವಾಗಿ..."

"ನನ್ನ ಸಲುವಾಗಿ ಅಂತ ಎಷ್ಟು ಮಂದಿ ಬರ್ತೀರಿ? ದೊಡ್ಡಯ್ಯನೋರೂ ಹಂಗಽ ಅಂದ್ರು." ಅವಳ ದನಿ ಏರಲಿಲ್ಲ. "ಇದರಾಗ ಅಯ್ಯನೋರ ಮಾರಿ ಎಲ್ಲೈತಿ? ನಿಮ್ಮ ಮಾರಿ ಐತಿ, ನನ್ನ ಗುರ್ತು ಐತಿ. ನಾಳಿ ಅಂಗಡಿಯೋರು ಸೀರಿ ಕೊಡುವಾಗ ನನ್ನ ಹ್ಯಾಂಗ ನೋಡ್ತಾರ, ಅದನ್ನ ಯೋಚನಿ ಮಾಡೀರೇನು?"

ಮಾಡಿರಲಿಲ್ಲ. ಅವಳ ಎದುರಿಗೇ ಅಳಿಸಿದೆ. ಅಳಿಸಿದ್ದನ್ನು ಇಟ್ಟುಕೊಳ್ಳುವ ಜಾಗದಿಂದಲೂ ಅಳಿಸಿ ತೋರಿಸಿದೆ. ಹೊರಡಲು ಎದ್ದಾಗ ಅವಳೇ ಕೇಳಿದಳು.

"ಬೀಳ್ಕೊಡುಗಿಗೆ ನೀವಽ ಬರ್ತೀರಲ್ಲ, ಕ್ಯಾಮರಾಕ್ಕ?"

"ಕರದಾರ."

"ಬರ್ರಿ. ನಾಲ್ಕು ಮಾತು ಹೇಳೋ ಹೊತ್ತಿನ್ಯಾಗ ನಾ ಎದ್ದು ಬರ್ತೀನಿ. ನನ್ನ ಮಾರಿ ತೋರಿಸಬ್ಯಾಡ್ರಿ. ದನಿ ಹೋಗಲಿ. ಹೊಳಿ ದಂಡಿಯೋರಿಗಿ ಮುಟ್ಟಬೇಕು. ಅಷ್ಟಽ ನಿಮ್ಮ ಕೆಲಸ."

"ಆಮ್ಯಾಲ?"

"ಆಮ್ಯಾಲ ಅವ್ವನ್ನ ಕರಕೊಂಡು ಪೊಲೀಸ್ ಟೇಶನ್‌ಗಿ ಹೋಗ್ತೀನಿ. ಮೊದಲು ನಮ್ಮೋರ ಮುಂದ ಪೂರಾ ಹೇಳಿ ಮುಗಿಸಬೇಕು. ಇಲ್ಲಂದ್ರ ಮನ್ಯಾಗ ಹೇಳದಽ ಹೊರಗ ಹೇಳಿದ್ಲು ಅಂತಾರ."

ಆಯ್ತು ಅಂದೆ. ಬೀಳ್ಕೊಡುಗೆಯ ಬೆಳಿಗ್ಗೆ ಕಾರ್ಯದರ್ಶಿಗಳು ನನ್ನ ಮೇಜಿನ ಹತ್ತಿರ ಬಂದು, "ಏನಾರ ಗದ್ಲಾದ್ರ ಗೊತ್ತಲ್ಲ ತಮ್ಮಾ? ಕುರುಬ" ಅಂದರು. ಅವರಿಗೂ ಆಯ್ತು ಸಾರ್ ಅಂದೆ. ಎರಡೂ ಆಯ್ತುಗಳನ್ನು ಒಂದೇ ಬಾಯಲ್ಲಿ ಇಟ್ಟುಕೊಂಡು ವೈರು ಜೋಡಿಸಿದೆ.

ಕೀಬೋರ್ಡಿಗೆ ಬಟ್ಟೆ ಹೊದಿಸಿದ್ದರು. ಹಾಡಿಗೆ ಪೆನ್‌ಡ್ರೈವಿನಲ್ಲಿ ಸಂಗೀತ ತಂದಿದ್ದರು. ಅಯ್ಯನವರಿಗೆ ಶಾಲು ಹೊದಿಸಿದರು. ಅಮ್ಮನವರ ಕೈಗೆ ಸೀರೆ ಕೊಟ್ಟಾಗ ಅವರು ತಲೆ ಎತ್ತಲಿಲ್ಲ. ನಾನು ಮಾತ್ರ ಅಂಗಡಿಗೆ ತೆಗೆಯುವ ಹಾಗೆ ಸೀರೆಯ ಅಂಚಿನ ಹತ್ತಿರಕ್ಕೆ ಕ್ಯಾಮೆರಾ ಒಯ್ದು ಜರಿ ತೋರಿಸಿದೆ. ಕೈಯ ರೂಢಿ ಎಂದರೆ ಏನು ಎಂದು ನನಗೆ ಆಗ ಹೆದರಿಕೆಯಾಯಿತು.

ನಾಲ್ಕು ಮಾತಿನ ಹೊತ್ತು ಬಂತು. ಒಬ್ಬರು ಎದ್ದು ಅಯ್ಯನವರ ಕಂಠ ಹೊಗಳಿದರು, ಇನ್ನೊಬ್ಬರು ಅವರು ಹಾಕಿಸಿದ ಬೋರ್‌ವೆಲ್ ಹೊಗಳಿದರು. ಆಮೇಲೆ ಹೆಂಗಸರ ಕಡೆಯಿಂದ ಆಕೆ ಎದ್ದಳು. ನಾನು ಮೇಜು ಬಿಟ್ಟು ಹೋಗಿ ಮುಂದಿನ ಕ್ಯಾಮೆರಾವನ್ನು ಮೈಕಿನಿಂದ ತಿರುಗಿಸಿ ಅಯ್ಯನವರ ಕುರ್ಚಿಯತ್ತ ನಿಲ್ಲಿಸಿ ಬಂದೆ. ಹೊರಗೆ ನೋಡುವವರಿಗೆ ಕಾಣುತ್ತಿದ್ದದ್ದು ಶಾಲು ಹೊದ್ದು ಕೂತ ಅವರೊಬ್ಬರೇ. ಆಕೆಯ ದನಿ ಬಂತು.

"ದೇವರಿಗೆ ಸ್ತೋತ್ರ. ಎಲ್ಲಾರಿಗೂ ವಂದನಾ. ಅಯ್ಯನೋರು ಯಾಕ ಹೋಗಾಕತ್ತ್ಯಾರ ಅಂತ ಯಾರೂ ಹೇಳಲಿಲ್ಲ. ನಾ ಹೇಳ್ತೀನಿ."

ಕಾರ್ಯದರ್ಶಿ ನನ್ನ ಕಡೆ ತಿರುಗಿ ಬೆರಳು ಕೆಳಗೆ ಒತ್ತಿ ತೋರಿಸಿದರು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನಗಬೇಡಿ, ಹಾಗೇ ಮಾಡಿದೆ. ನನ್ನ ಬೆರಳಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅವರು ಇನ್ನೊಮ್ಮೆ ತೋರಿಸಿದರು. ನಾನು ಕದಲದೆ ಇದ್ದದ್ದು ನೋಡಿ, ತಾವೇ ಮಿಕ್ಸರಿನ ಹತ್ತಿರ ಹೋಗಿ ಅದರ ಪ್ಲಗ್ಗು ಕಿತ್ತರು.

ಮೈಕು ಸತ್ತಿತು. ನನ್ನ ಹೆಡ್‌ಫೋನಿನಲ್ಲಿ ಏನೂ ಇಲ್ಲ. ಆಕೆಯ ತುಟಿ ಆಡುತ್ತಿತ್ತು, ಮುಂದಿನ ಸಾಲಿನವರಿಗೆ ಕೇಳುತ್ತಿತ್ತೇನೋ. ನನ್ನ ಬ್ಯಾಗಿನಲ್ಲಿ ಸೀರೆ ವಿಡಿಯೋಗೆ ಬಳಸುವ, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಇತ್ತು. ಅದು ವೈರಿಲ್ಲದೆ ನೇರ ನನ್ನ ಪೆಟ್ಟಿಗೆಗೆ ಸೇರುತ್ತದೆ, ಚರ್ಚಿನ ಮಿಕ್ಸರು ಬೇಕಿಲ್ಲ. ಅದು ಅಲ್ಲಿದೆ ಎಂದು ನನಗೆ ಆ ಕ್ಷಣವೇ ನೆನಪಾಯಿತು. ಆದರೂ ಕೂತೇ ಇದ್ದೆ. ಪ್ಲಗ್ಗು ಕಿತ್ತವರು ಅವರು, ನಾನು ಮಾತು ಉಳಿಸಿಕೊಂಡೆನಲ್ಲ, ನನ್ನ ತಪ್ಪೇನಿದೆ ಎಂಬ ಲೆಕ್ಕ ಒಳಗೆ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಅವಳು ಆಡಿದ್ದು ಹೊರಗಿನ ಯಾರಿಗೂ ಮುಟ್ಟಲಿಲ್ಲ.

ಹಾಡಿನ ತಂಡದಲ್ಲಿ ನಿಂತಿದ್ದ ನನ್ನ ಹೆಂಡತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ಅಷ್ಟೇ, ನೋಡಿದಳು.

ಎದ್ದೆ. ಮೈಕು ತೆಗೆದುಕೊಂಡು ನಡುದಾರಿಯಲ್ಲಿ ನಡೆದೆ. ಇಷ್ಟು ವರ್ಷ ಎಲ್ಲರ ಬೆನ್ನು ನೋಡಿದವನು ನಾನು, ಆವತ್ತು ಎಲ್ಲರೂ ನನ್ನನ್ನು ನೋಡಿದರು. "ಕೂಡೋ ಸುಮ್ಕ" ಅಂದ ಯಾರೋ ಒಬ್ಬ. ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ಒಬ್ಬ ಮುದುಕಿ ಕಾಲು ಮಡಚಿಕೊಂಡು ದಾರಿ ಬಿಟ್ಟಳು. ಮುಂದೆ ನಿಂತಿದ್ದ ಹುಡುಗಿ ಕೈಚಾಚಿ ಮೈಕು ತೆಗೆದುಕೊಂಡಳು.

"ಚಾಲೂ ಐತೇನ್ರಿ?"

"ಐತವ್ವ."

ನನ್ನ ಮಾತನ್ನು ನಂಬಬೇಕೋ ಬೇಡವೋ ಎಂದು ನೋಡಿದಳು. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ದೇವರಿಗೆ ಸ್ತೋತ್ರ. ಎಲ್ಲಾರಿಗೂ ವಂದನಾ. ಒಳಗಿನ ಕೋಣೆ, ಹಾಕಿದ ಬಾಗಿಲು, ಬೇಡ ಅಂದದ್ದು, ಕಮಿಟಿ ಕೂಡಿದ್ದು, ಕಾರಣ ಮುಚ್ಚಿಟ್ಟದ್ದು. ಕೊನೆಗೆ, "ಹೊಳಿ ದಂಡಿ ಸಭಾದವರು ನೋಡಾಕತ್ತಿದ್ರ ಕೇಳ್ರಿ. ಇವರನ್ನ ನಿಮ್ಮಲ್ಲಿಗಿ ಕಳಿಸಾಕತ್ತ್ಯಾರ. ನಿಮಗ 'ಗೊತ್ತಿದ್ದಿಲ್ಲ' ಅನ್ನಾಕ ಆಗಬಾರದು, ಅದಕ್ಕ ಹೇಳೀನಿ" ಅಂದಳು. ಆಮೆನ್ ಅನ್ನಲಿಲ್ಲ. ಮೈಕು ನನ್ನ ಕೈಗೆ ವಾಪಸ್ ಕೊಟ್ಟಳು.

ಅಯ್ಯನವರು ಶಾಲು ಹೊದ್ದುಕೊಂಡೇ ಪಕ್ಕದ ಬಾಗಿಲಿಂದ ಹೋದರು. ಅಮ್ಮನವರ ಸೀರೆ ಕುರ್ಚಿಯ ಮೇಲೆ ಉಳಿದಿತ್ತು.

ಮರುದಿನ ಆಕೆ ದೂರು ಕೊಟ್ಟಳು. ನನ್ನನ್ನೂ ಕರೆದು ಕೇಳಿದರು. ಠಾಣೆಯಲ್ಲಿ ಮಹಿಳಾ ಅಧಿಕಾರಿ ಕೂತಿದ್ದರು. ಮೊದಲ ದಿನ ಆಕೆ ಹೇಳಿದ್ದು ಕೇಳಿಸಿತ್ತಾ ಅಂದರು. ಕೇಳಿಸಿತ್ತು ಅಂದೆ. ಸಭೆಯಲ್ಲಿದ್ದ ಉಳಿದವರೆಲ್ಲ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಅಂದಿದ್ದರು. ನನ್ನ ಹೆಂಡತಿಯೊಬ್ಬಳೇ ಕೇಳಿದ್ದೇನೆ ಅಂದಿದ್ದಳು.

"ಕೇಳಿ ನೀವೇನ್ ಮಾಡಿದ್ರಿ?"

"ಗುಂಡಿ ಒತ್ತಿ ಹೊರಗ ಹೋಗದಂಗ ಮಾಡಿದೆ. ಆಮ್ಯಾಲ ಕಾರ್ಡು ಕಮಿಟಿಗಿ ಕೊಟ್ಟೆ."

"ಯಾಕ್ರಿ?"

"ಅಭ್ಯಾಸ ಮೇಡಂ."

ಅವರು ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. "ಅಭ್ಯಾಸ ಅಂತಽ ಬರೀಲೇನು?"

"ಬರೀರಿ."

ಕೇಸು ನಡೆಯುತ್ತಿದೆ, ಅದರ ಬಗ್ಗೆ ಹೆಚ್ಚು ಹೇಳುವ ಹಾಗಿಲ್ಲ. ಹೊಳೆ ದಂಡೆಯ ಹೆಂಗಸರು ಅಯ್ಯನವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಹೇಳಿಕಳಿಸಿದರು. ಮೇಲಿನವರು ಹೊರಡಿಸಿದ ಪ್ರಕಟಣೆಯಲ್ಲಿ, ಅಯ್ಯನವರು ವೈಯಕ್ತಿಕ ಕಾರಣಕ್ಕೆ ರಜೆಯ ಮೇಲಿದ್ದಾರೆ ಎಂದಷ್ಟೇ ಇತ್ತು. ಚರ್ಚಿನ ಬಾಯಿಂದ ಕಾರಣ ಇವತ್ತಿಗೂ ಬಂದಿಲ್ಲ. ಆಕೆ ಈಗ ಚರ್ಚಿಗೆ ಬರುವುದಿಲ್ಲ. ಕೀಬೋರ್ಡಿನ ಮೇಲಿನ ಬಟ್ಟೆ ಹಾಗೇ ಇದೆ ಎಂದು ಹೆಂಡತಿ ಹೇಳುತ್ತಾಳೆ.

ಇಷ್ಟೆಲ್ಲ ಈಗ ಬರೆಯಲು ಕಾರಣ ನೀವೇ. ಶಾಲು ಹೊದ್ದ ಪಾಸ್ಟರು, ಹಿಂದೆ ಒಂದು ದನಿ, ನಡುವೆ ಮೈಕು ಹಿಡಿದು ಕ್ಯಾಮೆರಾದ ಮುಂದೆಯೇ ಹಾದುಹೋಗುವ ನನ್ನ ಬೆನ್ನು: ಆ ತುಣುಕು ಎಲ್ಲರ ಮೊಬೈಲಿಗೂ ಬಂದಿದೆ. ಕೆಳಗೆ ನೀವೆಲ್ಲ ಭೇಷ್ ಅಣ್ಣಾ, ನಿಮ್ಮಂಥವರು ಬೇಕು ಎಂದು ಬರೆದಿದ್ದೀರಿ. ನಾನು ಅವನ್ನು ಓದಿದೆ, ಕೆಲವಕ್ಕೆ ಕೈಮುಗಿದ ಗುರುತೂ ಹಾಕಿದೆ. ಮೊನ್ನೆ ಆಕೆಯಿಂದ ಒಂದೇ ಸಾಲಿನ ಮೆಸೇಜು ಬಂತು.

"ಅಣ್ಣಾರ, ನಿಮಗ ಬಾಳ ಲೈಕ್ ಬಂದಾವಂತ."

ಅದನ್ನು ಓದಿದ ಮೇಲೆ ಬರೆಯಲು ಕೂತೆ. ಇದನ್ನು ಬರೆದು, ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಕೆಲವು ಕಡೆ ತೆಗೆಯಿರಿ ಅಂದಳು, ತೆಗೆದೆ. ನನ್ನನ್ನು ನಾನು ಬೈದುಕೊಂಡ ಒಂದು ಉದ್ದ ಭಾಗವನ್ನೂ ತೆಗೆಸಿದಳು. "ಅದು ಓದಿದ್ರ ಮಂದಿ ನಿಮಗ ಸಮಾಧಾನ ಹೇಳ್ತಾರ, ಬ್ಯಾಡ" ಅಂದಳು. ಉಳಿದದ್ದನ್ನು ಹಾಕಿ ಅಂದ ಮೇಲೆ ಹಾಕುತ್ತಿದ್ದೇನೆ.

ಹಾಗಾಗಿ ಕೆಳಗೆ ಭೇಷ್ ಬೇಡ, ಸಮಾಧಾನವೂ ಬೇಡ. ನಿಮ್ಮದನ್ನು ಬರೆಯಿರಿ. ನೊಂದವರ ಹೆಸರು, ಊರು, ಗುರುತು ಯಾವುದೂ ಬೇಡ. ಅವರದ್ದು ಅವರು ಬೇಕಾದಾಗ ಹೇಳುತ್ತಾರೆ. ಗುರುತು ಹಾಕಿದರೆ ಅಳಿಸುತ್ತೇನೆ, ಆ ಗುಂಡಿ ಒತ್ತಲು ಆಕೆಯ ಅಪ್ಪಣೆ ಇದೆ. ಚರ್ಚಿರಲಿ, ಮಠವಿರಲಿ, ಶಾಲೆಯಿರಲಿ, ನಿಮ್ಮ ಮನೆಯೇ ಇರಲಿ, ಯಾರೋ ಮಾತಾಡಲು ಎದ್ದಾಗ ನಿಮ್ಮ ಕೈ ಎಲ್ಲಿತ್ತು, ಏನು ಮಾಡಿತು, ಕೇಳಿದವರಿಗೆ ಆಮೇಲೆ ಏನು ಸುಳ್ಳು ಹೇಳಿದಿರಿ, ಅಷ್ಟನ್ನು ಬರೆಯಿರಿ. ಮೊದಲನೆಯದು ನನ್ನದು. ಮೇಲೆ ಇದೆ.